ಸಂಡೂರಿನ ಹಿತ್ತಿಲಿನ ಬೀಡಿನ ಒಲೆ

ಒಲೆಯ ಮುಚ್ಚಳದ ಮೇಲೆ ಒಂದು ಆಮೆ ಇದೆ. ದಪ್ಪ ತುಕ್ಕಿನ ಅಡಿಯಲ್ಲಿ ಅದು ಕಾಣದಾಗಿ ಎಷ್ಟೋ ವರ್ಷಗಳಾಗಿದ್ದವು. ಮನೆಯ ಕಿರಿಯರಾದ ನಮಗೆ ಅದರ ಸುಳಿವೇ ಇರಲಿಲ್ಲ. ಸೋದರತ್ತೆಗೆ ಮಾತ್ರ ಚೆನ್ನಾಗಿ ನೆನಪಿತ್ತು. ಕಳೆದ ವರ್ಷ ಸಂಕ್ರಾಂತಿಗೆ ನಾನು ಬಳ್ಳಾರಿಯಿಂದ ಸಂಡೂರಿಗೆ ಹೋದಾಗ ಅವರು ಹಿತ್ತಿಲಿನ ಬೇವಿನ ಮರದ ಕೆಳಗೆ ನಿಂತಿದ್ದ ಆ ಬೀಡಿನ, ಅಂದರೆ ಎರಕದ ಕಬ್ಬಿಣದ, ಒಲೆಯನ್ನು ತೋರಿಸಿ, "ಆ ಆಮಿ ಮ್ಯಾಲ ಹಾಲಿನ ಚರಿಗಿ ಇಡ್ತಿದ್ದೆ ನೋಡಪ್ಪ, ಮುಂಜಾನಿ ತನಕ ಬೆಚ್ಚಗ ಇರ್ತಿತ್ತು. ಈಗ ಉರೀತೈತೇನು ಅದು?" ಎಂದು ಕೇಳಿದರು. ಗಣಿಯೊಂದರ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಬಹುಕಾಲ ದುಡಿದವನು ನಾನು. ಉರಿಯುತ್ತದೆ ಎಂದು ಆ ಕ್ಷಣವೇ ಹೇಳಿಬಿಟ್ಟೆ. ಅದನ್ನು ನಿಜ ಮಾಡಲು ಹನ್ನೊಂದು ತಿಂಗಳು ಹಿಡಿಯಿತು.

ಮಾವನವರು ಸೈನ್ಯದಲ್ಲಿದ್ದು ಕೂನೂರಿನ ಹತ್ತಿರದ ವೆಲ್ಲಿಂಗ್ಟನ್ನಿನಲ್ಲಿ ಹಲವು ವರ್ಷ ಕಳೆದವರು. ಸಮುದ್ರಮಟ್ಟದಿಂದ ಸುಮಾರು 1,850 ಮೀಟರ್ ಎತ್ತರದ ಆ ನೀಲಗಿರಿಯ ಊರಿನಲ್ಲಿ ರಾತ್ರಿ ಒಲೆಯಿಲ್ಲದೆ ಮಲಗುವುದು ಕಷ್ಟ. ಹಳೆಯ ಬಂಗಲೆಯೊಂದರ ಸಾಮಾನು ಹರಾಜಾದಾಗ ಅವರು ಇದನ್ನು ಕೊಂಡರು, ನಿವೃತ್ತರಾಗಿ ಊರಿಗೆ ಮರಳುವಾಗ ಬಿಟ್ಟು ಬರಲು ಮನಸ್ಸಾಗದೆ ರೈಲಿನಲ್ಲಿ ಹೊಸಪೇಟೆಗೆ ತಂದು, ಅಲ್ಲಿಂದ ಲಾರಿಯಲ್ಲಿ ಸಂಡೂರಿಗೆ ಸಾಗಿಸಿದರು. ಸಂಡೂರು ಕಣಿವೆಯ ಊರಾದ್ದರಿಂದ ಪುಷ್ಯಮಾಸದಲ್ಲಿ ಬಳ್ಳಾರಿಗಿಂತ ಒಂದಿಷ್ಟು ಹೆಚ್ಚೇ ಚಳಿ ಇರುತ್ತದೆ. ಆದರೂ ಕಬ್ಬಿಣದ ಒಲೆ ಬೇಕೆನ್ನುವಷ್ಟು ಚಳಿಯಲ್ಲ. ಹೀಗಾಗಿ ಅದು ಹಿತ್ತಿಲಿಗೆ ಹೋಯಿತು, ಕೋಳಿ ಮೊಟ್ಟೆಯಿಡುವ ಗೂಡಾಯಿತು.

ಆಮೆಯ ಗುರುತಿನಿಂದ ಒಲೆಯ ಹುಟ್ಟೂರು ತಿಳಿಯುತ್ತದೆ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಹಾಲ್‌ಸ್ಟೆಡ್ ಎಂಬ ಊರಿನ ಚಾರ್ಲ್ಸ್ ಪೋರ್ಟ್‌ವೇ ಎಂಬ ವ್ಯಾಪಾರಿ 1830ರ ಸುಮಾರಿಗೆ ತನ್ನ ಅಂಗಡಿಯನ್ನು ಬೆಚ್ಚಗಿಡಲು ಇಂಥ ಒಲೆಯೊಂದನ್ನು ಮಾಡಿಸಿದ. ಅದು ಅಕ್ಕಪಕ್ಕದವರಿಗೂ ಹಿಡಿಸಿದ್ದರಿಂದ ಅದರ ತಯಾರಿಕೆಯೇ ಅವನ ಉದ್ಯೋಗವಾಯಿತು. ಒಲೆಗೆ ಅವನು ಆಮೆಯ ಹೆಸರಿಟ್ಟ. 'ಸ್ಲೋ ಬಟ್ ಶೂರ್', ಅಂದರೆ ನಿಧಾನವಾದರೂ ನಿಶ್ಚಿತ ಎಂಬ ಮಾತು ಅದರ ಮೇಲೆ ಎರಕದಲ್ಲೇ ಮೂಡಿ ಬರುತ್ತಿತ್ತು. ಇಂಧನ ನಿಧಾನವಾಗಿ ಉರಿದಷ್ಟೂ ಅದರ ಕಾವು ಹೊಗೆಕೊಳವೆಯಲ್ಲಿ ಮೇಲಕ್ಕೆ ಹಾರಿಹೋಗದೆ ಒಲೆಯ ಮೈಗೆ, ಅಲ್ಲಿಂದ ಕೋಣೆಗೆ ಇಳಿಯುತ್ತದೆ ಎಂಬುದು ಅದರ ತತ್ವ. ಚರ್ಚುಗಳಲ್ಲಿಯೂ ಸಭಾಭವನಗಳಲ್ಲಿಯೂ ಈ ಒಲೆಗಳು ದೀರ್ಘಕಾಲ ಉರಿದವು.

ನಿಧಾನವಾಗಿ ಉರಿಯಬೇಕಾದರೆ ಒಲೆಯೊಳಗೆ ಹೋಗುವ ಗಾಳಿಯ ಪ್ರತಿ ಎಳೆಯೂ ನಾವು ಬಿಟ್ಟ ದಾರಿಯಿಂದಲೇ ಹೋಗಬೇಕು, ಬೇರೆ ಎಲ್ಲಿಂದಲೂ ನುಸುಳಬಾರದು. ಈ ಹನ್ನೊಂದು ತಿಂಗಳಲ್ಲಿ ನನಗೆ ಮನವರಿಕೆಯಾದದ್ದು ಇಷ್ಟೇ. ಹಳೆಯ ಒಲೆಯನ್ನು ದುರಸ್ತಿ ಮಾಡುವುದೆಂದರೆ ಅದರ ಸಂದುಗಳನ್ನು ದುರಸ್ತಿ ಮಾಡುವುದು. ತುಕ್ಕು ತೆಗೆದು ಕಪ್ಪಾಗಿ ಹೊಳೆಸಿ ಹೋಟೆಲಿನ ಮೂಲೆಯಲ್ಲಿ ಹೂಕುಂಡದಂತೆ ನಿಲ್ಲಿಸಿರುವ ಒಲೆಗಳನ್ನು ನಾನು ಕಂಡಿದ್ದೇನೆ. ಅವುಗಳಲ್ಲಿ ಬೆಂಕಿ ಹಾಕಿದರೆ ಕೋಣೆಯ ತುಂಬ ಹೊಗೆಯಾಗುತ್ತದೆ, ಇಲ್ಲವೇ ತಡೆಯಿಲ್ಲದ ಗಾಳಿಗೆ ಬೆಂಕಿ ಭುಗಿಲೆದ್ದು ಬೀಡೇ ಸೀಳುತ್ತದೆ.

ಬೀಡಿನ ಸ್ವಭಾವದ ಬಗ್ಗೆ ಎರಡು ಮಾತು ಹೇಳಬೇಕು. ನಾವು ದಿನವೂ ಬೆಸೆಯುವ ಮೆದು ಉಕ್ಕಿನಲ್ಲಿ ಇಂಗಾಲ ಶೇಕಡಾ 0.25ರ ಒಳಗಿರುತ್ತದೆ, ಬೀಡಿನಲ್ಲಿ ಅದು ಶೇಕಡಾ 2.5ರಿಂದ 4ರವರೆಗೆ ಇರುತ್ತದೆ. ಈ ಹೆಚ್ಚಿನ ಇಂಗಾಲದಿಂದಾಗಿ ಬೀಡು 1,150ರಿಂದ 1,200 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಿ ನೀರಾಗಿ ಹರಿಯುತ್ತದೆ, ಅಚ್ಚಿನ ಸಣ್ಣ ಗೆರೆಯನ್ನೂ ತುಂಬುತ್ತದೆ; ಆಮೆಯ ಚಿಪ್ಪಿನ ಒಂದೊಂದು ಮನೆಯೂ ಬಿಡಿಬಿಡಿಯಾಗಿ ಮೂಡಿರುವುದು ಇದರಿಂದಲೇ. ಆದರೆ ತಣಿಯುವಾಗ ಆ ಇಂಗಾಲ ಗ್ರಾಫೈಟಿನ ತೆಳು ಹಾಳೆಗಳಾಗಿ ಲೋಹದ ನಡುವೆ ಹುದುಗಿಬಿಡುತ್ತದೆ. ಒಂದೊಂದು ಹಾಳೆಯೂ ಹುಟ್ಟುವಾಗಲೇ ಇರುವ ಸಣ್ಣ ಬಿರುಕಿನಂತೆ. ಅದುಮಿದರೆ ಬೀಡು ಎಷ್ಟು ಭಾರವನ್ನಾದರೂ ತಾಳುತ್ತದೆ, ಎಳೆದರೆ ಮುರಿಯುತ್ತದೆ. ಬಿಸಿ ಒಲೆಯ ಮೇಲೆ ತಣ್ಣೀರು ಬಿದ್ದರೆ, ಒಂದು ಮಗ್ಗುಲು ಕಾದು ಇನ್ನೊಂದು ತಣ್ಣಗಿದ್ದರೆ, ಬೋಲ್ಟನ್ನು ಹಿಗ್ಗಲು ಎಡೆಯಿಲ್ಲದಂತೆ ಬಿಗಿದಿದ್ದರೆ ಆ ಎಳೆತವೇ ಉಂಟಾಗುತ್ತದೆ.

ಆದ್ದರಿಂದ ಮೊದಲ ದಿನ ನಾನು ಸ್ಪ್ಯಾನರು ಮುಟ್ಟಲಿಲ್ಲ. ಸಣ್ಣ ಸುತ್ತಿಗೆಯಿಂದ ಒಲೆಯ ಮೈಯನ್ನೆಲ್ಲ ತಟ್ಟುತ್ತಾ ಹೋದೆ. ಗಡಿಗೆ ಕೊಳ್ಳುವ ಹೆಂಗಸರು ಬೆರಳಿನಿಂದ ತಟ್ಟಿ ನೋಡುವುದಿಲ್ಲವೇ, ಅದೇ ಪರೀಕ್ಷೆ: ಗಟ್ಟಿಯಾದ ಬೀಡು ಗಂಟೆಯಂತೆ ದನಿಗೊಡುತ್ತದೆ, ಸೀಳಿದ ಬೀಡು ಬೊದ್ದು ಸದ್ದು ಮಾಡುತ್ತದೆ. ಕೆಳಗಿನ ಬಾಗಿಲಿನ ಮೇಲುಮೂಲೆಯ ಹತ್ತಿರ ದನಿ ಸತ್ತಿತ್ತು. ಅಲ್ಲಿ ತುಕ್ಕನ್ನು ಉಜ್ಜಿ, ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದೆ. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಮೆಲ್ಲಗೆ ಮೇಲೆ ಬಂದು ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆ ಎಳೆಯಿತು. ಅಳೆದರೆ ಹನ್ನೊಂದು ಸೆಂಟಿಮೀಟರ್ ಉದ್ದವಿತ್ತು. ಬರಿಗಣ್ಣಿಗೆ ಅದರಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು.

ಬಿಚ್ಚುವ ಕೆಲಸಕ್ಕೆ ಮೂರು ವಾರ ಬೇಕಾಯಿತು. ದಿನವೂ ಸಂಜೆ ಪ್ರತಿ ಬೋಲ್ಟಿಗೂ ಸೀಮೆಎಣ್ಣೆ ಮತ್ತು ಗೇರ್ ಎಣ್ಣೆ ಬೆರೆಸಿ ಹನಿಸುವುದು, ತಲೆಯ ಮೇಲೆ ಮೆಲ್ಲಗೆ ತಟ್ಟುವುದು, ಬಿಡುವುದು. ಕದಲದಿದ್ದ ನಟ್ಟುಗಳನ್ನು ಗ್ಯಾಸ್ ಟಾರ್ಚಿನಿಂದ ಕಾಯಿಸಿ, ಬಿಸಿಯಿರುವಾಗಲೇ ಮೇಣದಬತ್ತಿ ಒತ್ತಿದರೆ ಕರಗಿದ ಮೇಣ ತಿರುಪಿನ ಮರೆಗಳೊಳಗೆ ತಾನಾಗಿ ನುಸುಳುತ್ತದೆ. ಈ ಉಪಾಯಕ್ಕೆ ಸೋಲದ ನಟ್ಟುಗಳು ಕಡಿಮೆ. ಆದರೂ ಬಾಗಿಲಿನ ಕೀಲಿನ ಹತ್ತಿರ ನಾನು ಒಂದು ದಿನ ತಾಳ್ಮೆಗೆಟ್ಟೆ. ಸ್ಪ್ಯಾನರಿಗೆ ಕೊಳವೆ ತೊಡಿಸಿ ಎಳೆದಾಗ ಬೋಲ್ಟು ಸಡಿಲಲಿಲ್ಲ, ಅದನ್ನು ಹಿಡಿದಿದ್ದ ಬೀಡಿನ ಕಿವಿಯೇ ಚಟ್ಟೆಂದು ಮುರಿದು ಕೈಗೆ ಬಂತು. ನೂರು ವರ್ಷ ಬಾಳಿದ ಕಿವಿ ಅದು. ಆ ಸಂಜೆ ಅತ್ತೆಯವರಿಗೆ ಫೋನು ಮಾಡುವುದಕ್ಕೂ ನನಗೆ ಮನಸ್ಸಾಗಲಿಲ್ಲ. ಉಳಿದ ನಾಲ್ಕು ಬೋಲ್ಟುಗಳನ್ನು ನಾನು ತಿರುಗಿಸಲೇ ಇಲ್ಲ. ತಲೆ ಕತ್ತರಿಸಿ, ನಡುವಿಗೆ ಸರಿಯಾಗಿ ಡ್ರಿಲ್ ಮಾಡಿ ತೆಗೆದೆ. ಬೋಲ್ಟು ಪೇಟೆಯಲ್ಲಿ ಸಿಗುತ್ತದೆ, ಬೀಡಿನ ತುಂಡು ಸಿಗುವುದಿಲ್ಲ. ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

ಬಾಗಿಲಿನ ಅಂಚಿನ ಕಾಲುವೆಯಲ್ಲಿ ಬೂದುಬಣ್ಣದ ಹಳೆಯ ಹಗ್ಗವೊಂದು ಕಲ್ಲಾಗಿ ಕೂತಿತ್ತು. ಆ ಕಾಲದ ಒಲೆಗಳಲ್ಲಿ ಇಂಥ ಹಗ್ಗ ಕಲ್ನಾರಿನದ್ದಾಗಿರುವುದು ಸಾಮಾನ್ಯ, ಅದರ ಎಳೆ ಉಸಿರಿನಲ್ಲಿ ಶ್ವಾಸಕೋಶ ಸೇರಿದರೆ ಹತ್ತಾರು ವರ್ಷಗಳ ನಂತರ ಕ್ಯಾನ್ಸರಿಗೂ ಕಾರಣವಾಗುತ್ತದೆ. ಹಳೆಯ ಒಲೆ ಬಿಚ್ಚುವವರೆಲ್ಲರಿಗೂ ನನ್ನ ವಿನಂತಿ: ಅಂಥ ಹಗ್ಗವನ್ನು ಒಣಗಿದಂತೆಯೇ ಕೆರೆಯಬೇಡಿ, ವೈರ್ ಬ್ರಷ್ ಮೆಷಿನ್ನನ್ನಂತೂ ಅದರ ಹತ್ತಿರ ತರಬೇಡಿ. ನಾನು ಸೋಪಿನ ನೀರಿನಿಂದ ಪೂರ್ತಿ ನೆನೆಸಿ, ಒಳ್ಳೆಯ ಮಾಸ್ಕ್ ಧರಿಸಿ, ಹಸಿಯಾಗಿಯೇ ಎತ್ತಿ ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮುಚ್ಚಿದೆ. ಈಗ ಅದರ ಬದಲಿಗೆ ಗಾಜಿನ ನಾರಿನ ಹಗ್ಗ ಸಿಗುತ್ತದೆ, ಅದನ್ನೇ ಕೂರಿಸಿದ್ದೇನೆ.

ತುಕ್ಕು ತೆಗೆಯಲು ಮರಳನ್ನು ರಭಸದಿಂದ ಊದುವ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿಸು ಎಂದು ಗೆಳೆಯರು ಹೇಳಿದರು. ಆಮೆಯ ಚಿಪ್ಪಿನ ಗೆರೆಗಳು ಮಾಸಿಹೋಗುತ್ತವೆ ಎಂಬ ಭಯದಿಂದ ನಾನು ಒಪ್ಪಲಿಲ್ಲ. ವಿದ್ಯುತ್ತಿನಿಂದ ತುಕ್ಕು ಬಿಡಿಸುವ ಹಳೆಯ ವಿಧಾನಕ್ಕೆ ಹೋದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೂರು ಲೀಟರ್ ನೀರಿಗೆ ನಾನೂರು ಗ್ರಾಂನಷ್ಟು ವಾಷಿಂಗ್ ಸೋಡಾ ಕರಗಿಸಿ, ಒಲೆಯ ಭಾಗವನ್ನು ಅದರಲ್ಲಿ ತೂಗುಬಿಟ್ಟು, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಅದಕ್ಕೂ ಧನ ತಂತಿಯನ್ನು ಗುಜರಿಯ ಮೆದು ಉಕ್ಕಿನ ತಗಡಿಗೂ ಕಟ್ಟಬೇಕು. ತುಕ್ಕು ಸಡಿಲಗೊಂಡು ಕಪ್ಪು ಕೆಸರಾಗಿ ಇಳಿಯುತ್ತದೆ, ಗಟ್ಟಿ ಲೋಹ ಒಂದಿಷ್ಟೂ ಸವೆಯುವುದಿಲ್ಲ. ಎರಡು ಎಚ್ಚರಿಕೆಗಳಿವೆ. ತಗಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಕೂಡದು, ಏಕೆಂದರೆ ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ನೀರಿನಿಂದ ಹೈಡ್ರೋಜನ್ ಏಳುವುದರಿಂದ ಈ ಕೆಲಸ ಬಯಲಿನಲ್ಲೇ ನಡೆಯಬೇಕು. ಮುಚ್ಚಳ ಎರಡು ದಿನ ಡ್ರಮ್ಮಿನಲ್ಲಿತ್ತು. ಮೂರನೆಯ ದಿನ ಬೆಳಿಗ್ಗೆ ಎತ್ತಿ ಬ್ರಷ್ಷಿನಿಂದ ಉಜ್ಜಿದಾಗ ಮೊದಲು ಬೆನ್ನು, ಆಮೇಲೆ ನಾಲ್ಕು ಕಾಲು, ಕೊನೆಗೆ ಮುಂದಕ್ಕೆ ಚಾಚಿದ ಕುತ್ತಿಗೆ ಕಂಡವು. ಫೋಟೋ ತೆಗೆದು ಸಂಡೂರಿಗೆ ಕಳುಹಿಸಿದೆ.

ಇನ್ನು ಬಿರುಕಿನ ಮಾತು. ಮಾವನವರು ಇದ್ದಾಗಲೇ ಯಾರೋ ಅದಕ್ಕೆ ಸಾಮಾನ್ಯ ವೆಲ್ಡಿಂಗ್ ರಾಡಿನಿಂದ ಒಂದು ಸಾಲು ಎಳೆದಿದ್ದರು, ಆ ಸಾಲಿನ ಪಕ್ಕದಲ್ಲೇ ಬೀಡು ಮತ್ತೆ ಸೀಳಿತ್ತು. ಹಾಗಾಗದೆ ಇರುವುದಿಲ್ಲ. ಬೀಡಿನ ಇಂಗಾಲ ಕರಗಿದ ಉಕ್ಕಿನೊಳಗೆ ಸೇರಿ, ಬೇಗ ತಣಿದಾಗ ಬೆಸುಗೆಯ ಅಂಚು ಗಾಜಿನಂತೆ ಗಡಸಾಗಿ ಒಡೆಯುತ್ತದೆ. ಬೀಡಿಗೆ ಬೇಕಾದದ್ದು ನಿಕಲ್ ರಾಡು; ಬೆಲೆ ಹಲವು ಪಟ್ಟು ಹೆಚ್ಚಾದರೂ ಅದರ ಬೆಸುಗೆ ಮೆದುವಾಗಿದ್ದು ಎಳೆತಕ್ಕೆ ಬಾಗುತ್ತದೆ. ಬಿರುಕಿನ ಎರಡೂ ತುದಿಗಳಲ್ಲಿ ಮೂರು ಮಿಲಿಮೀಟರಿನ ತೂತು ಕೊರೆದೆ, ಅದು ಮುಂದೆ ಹರಿಯದಂತೆ ತಡೆಯುವುದಕ್ಕೆ. ಹಳೆಯ ಬೆಸುಗೆಯನ್ನು ಅರೆದು ತೆಗೆದು, ಗೆರೆಯುದ್ದಕ್ಕೂ ಇಳಿಜಾರಾದ ಕಾಲುವೆ ಮಾಡಿದೆ.

ಬೆಸೆಯುವ ಮೊದಲು ಇಡೀ ಭಾಗ ಸಮನಾಗಿ ಕಾಯಬೇಕು, ಬೆಸೆದ ನಂತರ ಅಷ್ಟೇ ನಿಧಾನವಾಗಿ ಆರಬೇಕು. ಅದಕ್ಕೆ ಕುಳ್ಳಿನ ಬೆಂಕಿಯೇ ಸರಿ ಎಂದು ವೆಲ್ಡಿಂಗ್ ಅಂಗಡಿಯ ಗೆಳೆಯರೂ ನಾನೂ ನಿಶ್ಚಯಿಸಿದೆವು. ನೆಲದಲ್ಲಿ ತಗ್ಗು ತೋಡಿ, ಒಲೆಯ ಮೈಯ ಸುತ್ತ ಕುಳ್ಳು ಒಟ್ಟಿ, ಮುನ್ನೂರು ಡಿಗ್ರಿ ದಾಟುವವರೆಗೆ ಎರಡು ಗಂಟೆ ಕಾಯಿಸಿದೆವು. ಅವರು ಒಮ್ಮೆಗೆ ಒಂದೇ ಅಂಗುಲ ಬೆಸೆಯುವುದು, ಕೆಂಪು ಆರುವ ಮುನ್ನವೇ ನಾನು ದುಂಡುತಲೆಯ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಬೆಸುಗೆಯನ್ನು ಹರಡುವುದು. ತಣಿಯುವಾಗ ಕುಗ್ಗುವ ಬೆಸುಗೆಯ ಎಳೆತ ಈ ಬಡಿತದಿಂದ ಸಡಿಲಾಗುತ್ತದೆ. ಮುಗಿದ ಮೇಲೆ ಬಿಸಿ ಬೂದಿಯಲ್ಲಿ ಹೂತು ಮೇಲೆ ತಗಡು ಮುಚ್ಚಿದೆವು. ಕುಡತಿನಿಯ ಬೂದಿದಿಬ್ಬ ನವಶಿಲಾಯುಗದ ಜನ ಸಗಣಿ ಸುಟ್ಟು ಬೆಳೆದ ದಿಬ್ಬ; ಆ ಸೀಮೆಯವರಾದ ನಮಗೆ ಸಗಣಿಯ ಬೂದಿ ಎಷ್ಟು ಹೊತ್ತು ಕಾವು ಹಿಡಿಯುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮರುದಿನ ಮಧ್ಯಾಹ್ನ ಕೆದಕಿದಾಗಲೂ ಬೀಡು ಕೈಗೆ ಬೆಚ್ಚಗಿತ್ತು. ತಟ್ಟಿದರೆ ಗಂಟೆಯ ದನಿ ಬಂತು. ಮುರಿದ ಕಿವಿಯನ್ನೂ ಅದೇ ಬೆಂಕಿಯಲ್ಲಿ ಬೆಸೆದುಕೊಂಡಿದ್ದೆವು.

ಒಳಗಿನ ಜಾಲರಿ ಬೂದಿಯ ತಟ್ಟೆಯಲ್ಲಿ ನಾಲ್ಕು ತುಂಡಾಗಿ ಬಿದ್ದಿತ್ತು. ಅದನ್ನು ಬೆಸೆದು ಪ್ರಯೋಜನವಿಲ್ಲ, ಕೆಂಡವನ್ನು ಹೊರುವ ಭಾಗ ಅದು. ಹೊಸದಾಗಿ ಎರಕ ಹೊಯ್ಯಿಸಬೇಕು. ನಮ್ಮದು ಕಬ್ಬಿಣದ ನಾಡು; ಕುಮಾರಸ್ವಾಮಿಯ ಬೆಟ್ಟಕ್ಕೆ ಲೋಹಾಚಲವೆಂದೇ ಹೆಸರು, ತೋರಣಗಲ್ಲಿನಲ್ಲಿ ಹಗಲೂ ಇರುಳೂ ಉಕ್ಕು ಕರಗುತ್ತದೆ. ಆದರೆ ಒಂದೇ ಒಂದು ಜಾಲರಿಯನ್ನು ಹೊಯ್ದುಕೊಡಿ ಎಂದು ಅಂಥ ಕಾರ್ಖಾನೆಯ ಬಾಗಿಲಿಗೆ ಹೋಗಲಾಗುವುದಿಲ್ಲ. ಫೌಂಡ್ರಿಗಳ ಊರಾದ ಬೆಳಗಾವಿಯಲ್ಲಿ ಒಂದು ಸಣ್ಣ ಎರಕದ ಮನೆಯವರು ಒಪ್ಪಿಕೊಂಡರು. ಹಳೆಯ ತುಂಡುಗಳನ್ನೇ ಮಾದರಿಯಾಗಿ ಮರಳಿನಲ್ಲಿ ಒತ್ತಿದರೆ ಹೊಸದು ಚಿಕ್ಕದಾಗುತ್ತದೆ, ಏಕೆಂದರೆ ಬೀಡು ತಣಿಯುವಾಗ ಶೇಕಡಾ ಒಂದರಷ್ಟು ಕುಗ್ಗುತ್ತದೆ. ಆದ್ದರಿಂದ ತೇಗದ ಹಲಗೆಯಲ್ಲಿ ಅಷ್ಟು ಹಿಗ್ಗಿಸಿದ ಮಾದರಿಯನ್ನು ಬಡಗಿಯಿಂದ ಕೆತ್ತಿಸಿ ಕಳುಹಿಸಿದೆ.

ಬಂದ ಜಾಲರಿ ತನ್ನ ಜಾಗದಲ್ಲಿ ಒಂದಿಷ್ಟು ಸಡಿಲವಾಗಿ ಕುಳಿತಾಗ ನೋಡಲು ಬಂದವರು ಅಳತೆ ತಪ್ಪಿದೆ ಎಂದರು. ಅದು ಬೇಕೆಂದೇ ಬಿಟ್ಟ ಎಡೆ. ಮೂವತ್ತು ಸೆಂಟಿಮೀಟರ್ ಅಡ್ಡಳತೆಯ ಜಾಲರಿ ಆರುನೂರು ಡಿಗ್ರಿ ಕಾವೇರಿದರೆ ಸುಮಾರು ಎರಡು ಮಿಲಿಮೀಟರ್ ಹಿಗ್ಗುತ್ತದೆ. ಬಿಗಿಯಾಗಿ ಕೂರಿಸಿದ ಜಾಲರಿ ಮೊದಲ ದೊಡ್ಡ ಬೆಂಕಿಗೇ ತಾನು ಒಡೆಯುತ್ತದೆ, ಇಲ್ಲವೇ ಒಲೆಯ ಮೈಯನ್ನು ಒಡೆಯುತ್ತದೆ.

ಒಳಮೈಯ ಉರಿ ತಾಳುವ ಇಟ್ಟಿಗೆಗಳನ್ನು ಬದಲಾಯಿಸಿದ್ದು ಒಂದು ದಿನದ ಕೆಲಸ. ಸಂದುಗಳಿಗೆ ಮಾತ್ರ ಒಂದು ವಾರ ಕೊಟ್ಟೆ. ಕೂಡುವ ಎರಡೂ ಅಂಚುಗಳನ್ನು ಅರದಿಂದ ಉಜ್ಜಿ, ಹಳೆಯ ಗಾರೆಯ ಕಣವೂ ಉಳಿಯದಂತೆ ತೆಗೆದು, ನೀರು ಸವರಿ, ಉರಿ ತಾಳುವ ಸಿಮೆಂಟನ್ನು ಕಾಲುವೆಯಲ್ಲಿ ತುಂಬಿ, ಭಾಗಗಳನ್ನು ಒಂದರ ಮೇಲೊಂದು ಕೂರಿಸಿದೆ. ಬೋಲ್ಟುಗಳನ್ನು ಬಿಗಿದು ಮತ್ತೆ ಕಾಲು ಸುತ್ತು ಸಡಿಲ ಮಾಡಿದೆ. ರಾತ್ರಿ ದೀಪ ಆರಿಸಿ ಒಲೆಯೊಳಗೆ ಬಲ್ಬು ಇಟ್ಟು ಸುತ್ತಲೂ ನೋಡಿದಾಗ ಎರಡು ಕಡೆ ಕೂದಲೆಳೆಯಷ್ಟು ಬೆಳಕು ಹೊರಬರುತ್ತಿತ್ತು, ಅಲ್ಲಿ ಮತ್ತೆ ತುಂಬಿದೆ. ಬಾಗಿಲಿಗೆ ಹಾಳೆಯ ಪರೀಕ್ಷೆ: ನಡುವೆ ಕಾಗದ ಇಟ್ಟು ಮುಚ್ಚಿ ಎಳೆದರೆ ಅದು ಸುಲಭವಾಗಿ ಜಾರಿ ಬರಬಾರದು. ಹೊರಮೈಗೆ ಬಣ್ಣ ಹಚ್ಚಲಿಲ್ಲ, ಗ್ರಾಫೈಟ್ ಪಾಲಿಶ್ ತಿಕ್ಕಿದೆ.

ಏಪ್ರಿಲಿನಲ್ಲಿ ಒಲೆ ಸಂಡೂರಿನ ಮನೆಯ ನಡುಕೋಣೆಗೆ ಬಂತು. ಅದು ಮಣ್ಣಿನ ಮಾಳಿಗೆಯ ಮನೆ. ಮಾಳಿಗೆಯ ತೊಲೆ ಜಂತೆಗಳ ನಡುವೆ ಹೊಗೆಕೊಳವೆ ತೂರಿಸುವುದು ಅಪಾಯ, ಒಂದೇ ಪದರದ ತಗಡಿನ ಕೊಳವೆಗೂ ಮರಕ್ಕೂ ಹದಿನೆಂಟು ಅಂಗುಲ ಅಂತರವಿರಬೇಕು. ಆದ್ದರಿಂದ ಕಲ್ಲಿನ ಗೋಡೆಯ ಮೂಲಕ ಹೊರಗೆ ತಂದು ಮಾಳಿಗೆಗಿಂತ ಮೇಲಕ್ಕೆ ಎತ್ತಿದೆವು. ಅತ್ತೆಯವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಹಿಡಿ ಕಡ್ಡಿಗಳಿಗೆ ಬೆಂಕಿ ಹಚ್ಚಿದೆ. ಹೊಗೆಯೆಲ್ಲ ಒಲೆಯ ಗಾಳಿಕಂಡಿಯಿಂದ ಕೋಣೆಗೆ ನುಗ್ಗಿತು. ಅವರು ಸೆರಗು ಮೂಗಿಗೆ ಹಿಡಿದು ಹೊರಗೆ ಹೋಗಬೇಕಾಯಿತು.

ಸಂದುಗಳಲ್ಲಿ ಎಲ್ಲೋ ತಪ್ಪಿದೆ ಎಂದು ಎರಡು ದಿನ ಹುಡುಕಿದೆ. ಊದುಬತ್ತಿ ಹಚ್ಚಿ ಪ್ರತಿ ಸಂದಿಗೂ ಹಿಡಿದು ನೋಡಿದೆ, ಹೊಗೆಯ ಎಳೆ ಎಲ್ಲೂ ಅಲುಗಲಿಲ್ಲ. ಕೊನೆಗೆ ಗಾಳಿಕಂಡಿಯ ಮುಂದೆ ಹಿಡಿದಾಗ ಬೆಂಕಿಯೇ ಇಲ್ಲದ ಒಲೆಯಿಂದ ಗಾಳಿ ಹೊರಕ್ಕೆ ಬೀಸುತ್ತಿರುವುದು ಕಂಡಿತು. ಆಗ ತಿಳಿಯಿತು. ಹೊರಗೆ ನಲವತ್ತು ಡಿಗ್ರಿ ಬಿಸಿಲು, ದಪ್ಪ ಗೋಡೆಯ ಮಾಳಿಗೆ ಮನೆಯ ಒಳಗೆ ತಂಪು. ಕೊಳವೆ ಹೊಗೆಯನ್ನು ಎಳೆಯುವುದು ಒಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿಯಾಗಿ, ಹಗುರವಾಗಿ ಇದ್ದಾಗ ಮಾತ್ರ. ಇಲ್ಲಿ ಎಲ್ಲವೂ ತಿರುಗುಮುರುಗಾಗಿ, ತಂಪು ಗಾಳಿಯ ಭಾರವೇ ಕೊಳವೆಯಲ್ಲಿ ಕೆಳಕ್ಕೆ ಜಗ್ಗುತ್ತಿತ್ತು. ವೆಲ್ಲಿಂಗ್ಟನ್ನಿನ ಚಳಿಯಲ್ಲಿ ಎಂದೂ ಏಳದ ಸಮಸ್ಯೆ ಇದು. ಒಲೆಯಲ್ಲಿ ತಪ್ಪಿರಲಿಲ್ಲ, ನಾನು ಆರಿಸಿದ ಕಾಲ ತಪ್ಪಾಗಿತ್ತು.

ಡಿಸೆಂಬರಿನ ಮೂರನೆಯ ವಾರ ಮತ್ತೆ ಹೋದೆ. ರಾತ್ರಿ ಎಂಟು ಗಂಟೆಗೆ, ಮೊದಲು ಕೊಳವೆಯ ಬುಡದಲ್ಲಿ ಒಂದು ಹಾಳೆ ದಿನಪತ್ರಿಕೆ ಉರಿಸಿ ಅದರೊಳಗಿನ ಗಾಳಿಯನ್ನು ಬಿಸಿ ಮಾಡಿದೆ, ಆಮೇಲೆ ಕಡ್ಡಿಗಳಿಗೆ ಹಚ್ಚಿದೆ. ಹೊಗೆ ಒಂದೇ ಉಸಿರಿಗೆ ಮೇಲೇರಿತು. ಮೊದಲ ರಾತ್ರಿ ಒಂದು ಗಂಟೆ, ಎರಡನೆಯ ರಾತ್ರಿ ಎರಡು ಗಂಟೆ ಸಣ್ಣ ಬೆಂಕಿ ಮಾತ್ರ. ಸಿಮೆಂಟಿನಲ್ಲಿ ಉಳಿದ ನೀರು ಒಮ್ಮೆಲೇ ಆವಿಯಾದರೆ ಅದು ಸಿಡಿದು ಬರುತ್ತದೆ. ಮೂರನೆಯ ರಾತ್ರಿ ಒಣಗಿದ ಬಳ್ಳಾರಿ ಜಾಲಿಯ ಕೊರಡುಗಳನ್ನು ತುಂಬಿದೆ. ಈ ಒಲೆ ಹುಟ್ಟಿದ್ದು ಕಲ್ಲಿದ್ದಲು, ಕೋಕ್‌ಗಳಿಗಾಗಿ, ಅವುಗಳಿಗೆ ಗಾಳಿ ಜಾಲರಿಯ ಕೆಳಗಿನಿಂದ ಬೇಕು. ಕಟ್ಟಿಗೆಗೆ ಮೇಲಿನಿಂದ ಸಿಗುವ ಗಾಳಿ ಹಿತ. ಹಾಗಾಗಿ ಜಾಲರಿಯ ಮೇಲೆ ಒಂದು ಅಂಗುಲ ಬೂದಿ ಹಾಸಿಯೇ ಉರಿಸುತ್ತೇವೆ. ಕಿಟಕಿಯ ಒಂದು ರೆಕ್ಕೆ ಯಾವಾಗಲೂ ತೆರೆದಿರುತ್ತದೆ: ಗಾಳಿ ಕಡಿಮೆ ಮಾಡಿ ನಿಧಾನವಾಗಿ ಉರಿಸುವ ಒಲೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ವಾಸನೆಯಿಲ್ಲ.

ಹತ್ತು ಗಂಟೆಗೆ ಗಾಳಿಕಂಡಿಯನ್ನು ಬೆರಳಿನಷ್ಟು ಬಿಟ್ಟು ಮುಚ್ಚಿದೆ. ಅತ್ತೆಯವರು ಹಾಲಿನ ಚರಿಗೆ ತಂದು ಆಮೆಯ ಮೇಲೆ ಇಟ್ಟರು. ಬೆಳಗಿನ ಐದೂವರೆಗೆ ನಾನು ಎದ್ದು ನೋಡಿದಾಗ ಅವರು ಆಗಲೇ ಒಲೆಯ ಪಕ್ಕದಲ್ಲಿ ಕುಳಿತು ಆ ಹಾಲಿನಲ್ಲಿ ಚಹಾ ಮಾಡಲು ನನ್ನನ್ನು ಕಾಯುತ್ತಿದ್ದರು. ಬೂದಿ ಸರಿಸಿದರೆ ಅಡಿಯಲ್ಲಿ ಕೆಂಡವಿತ್ತು.

ಒಂದು ಕೆಲಸ ಬಾಕಿಯಿದೆ. ಬೀಡನ್ನು ಮತ್ತೆ ಮತ್ತೆ ಕೆಂಪಗೆ ಕಾಯಿಸಿದರೆ ಅದು ತಣಿದ ಮೇಲೂ ಮೊದಲಿನ ಅಳತೆಗೆ ಮರಳದೆ ಒಂದಿಷ್ಟು ಬೆಳೆದೇ ಉಳಿಯುತ್ತದೆ. ಹಾಗೆ ಬೆಳೆದು ಮುಚ್ಚಳ ಬಾಗಿದೆ, ಒಂದು ಬದಿಯಲ್ಲಿ ಒಂದೂವರೆ ಮಿಲಿಮೀಟರ್ ಎತ್ತಿ ನಿಲ್ಲುತ್ತದೆ. ಈಗ ಅಲ್ಲಿ ಹಗ್ಗ ಒತ್ತಿ ಗಾಳಿ ತಡೆದಿದ್ದೇನೆ. ಮುಚ್ಚಳವನ್ನು ಹೊಸದಾಗಿ ಹೊಯ್ಯಿಸೋಣವೆಂದರೆ ಅತ್ತೆಯವರು ಒಪ್ಪುತ್ತಿಲ್ಲ, ಆ ಆಮೆಯೇ ಇರಬೇಕು ಎನ್ನುತ್ತಾರೆ. ಅದಕ್ಕೆ ಮುಚ್ಚಳವನ್ನು ಹಾಗೆಯೇ ಬಿಟ್ಟು, ಅದು ಕೂರುವ ಕೆಳಗಿನ ಬಳೆಯನ್ನು ಅದರ ಬಾಗಿಗೆ ಸರಿಯಾಗಿ ಹೊಯ್ಯಿಸಲು ಮಾದರಿ ಕೆತ್ತಿಸುತ್ತಿದ್ದೇನೆ. ಯುಗಾದಿ ಕಳೆದ ಮೇಲೆ ಅದು ಬೆಳಗಾವಿಗೆ ಹೋಗುತ್ತದೆ.